ಹೆಡ್‌ಮಿಸ್ ಮನೆಯ ಆನೆ ಬಂದೂಕು

ನಮ್ಮ ಭಾವನ ಬಲ ಹೆಗಲಿನ ಎಕ್ಸ್-ರೇಯನ್ನು ನಾನು ಇದುವರೆಗೆ ಎಂಟು ಸಲ ತೆಗೆದಿದ್ದೇನೆ. ಬೇರೆಯವರ ಮನೆಯಲ್ಲಿ ಫೋಟೋ ಆಲ್ಬಂ ಇರುತ್ತದೆ. ನಮ್ಮಕ್ಕನ ಬೀರುವಿನಲ್ಲಿ ಗಂಡನ ಎಲುಬಿನ ಫಿಲ್ಮುಗಳು ವರ್ಷವಾರು ಜೋಡಿಸಿಟ್ಟಿವೆ. ಮೊದಲ ಏಳರಲ್ಲಿ ನೋಡುವಂಥದ್ದು ಏನೂ ಇಲ್ಲ. ಒಂದಿಷ್ಟು ಊತ, ಒಂದಿಷ್ಟು ನೋವು, ಮಿಕ್ಕಿದ್ದು ಹೆಂಡತಿಯ ಒತ್ತಾಯ. ಎಂಟನೆಯದರಲ್ಲಿ ಕೊರಳಿನಿಂದ ಹೆಗಲಿಗೆ ಹೋಗುವ ಎಲುಬು, ಕಾಲರ್ ಬೋನ್ ಅನ್ನುತ್ತೇವಲ್ಲ, ಅದು ಸರಿಯಾಗಿ ನಡುಮಧ್ಯದಲ್ಲಿ ಎರಡಾಗಿದೆ. ನಾನು ಹೇಳಹೊರಟಿರುವುದು ಆ ಎಂಟನೆಯ ಫಿಲ್ಮಿನ ವಿಷಯ.

ನಾನು ಸರ್ಕಾರಿ ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿದ್ದೇನೆ. ಭಾವ ಬಂದೂಕು ರಿಪೇರಿ ಮಾಡುತ್ತಾರೆ. ಅಕ್ಕನನ್ನು ಅವರಿಗೆ ಕೊಡುವಾಗ ನಮ್ಮಪ್ಪ, "ಕೂತು ಮಾಡೋ ಕೆಲಸ, ಪೆಟ್ಟು ಗಿಟ್ಟು ಆಗೋ ಮಾತಿಲ್ಲ" ಎಂದಿದ್ದರು. ಅಪ್ಪ ತುಂಬ ಒಳ್ಳೆಯವರು, ಅವರ ಅಂದಾಜು ಮಾತ್ರ ಒಂದೂ ಸರಿಹೋಗಲಿಲ್ಲ.

ಪೆಟ್ಟಿಗೆಲ್ಲ ಕಾರಣ ಭಾವನ ನಿಯಮ. ರಿಪೇರಿಯಾದ ಬಂದೂಕನ್ನು ಮೊದಲು ತಮ್ಮ ಹೆಗಲಿಗಿಟ್ಟು ಹಾರಿಸಬೇಕು, ಆಮೇಲೆಯೇ ಗಿರಾಕಿಯ ಕೈಗೆ. ಬೇರೆ ಊರುಗಳಲ್ಲಿ ಬಂದೂಕನ್ನು ಹಳೇ ಟೈರಿಗೆ ಬಿಗಿದು, ಮರೆಯಲ್ಲಿ ನಿಂತು, ದಾರ ಕಟ್ಟಿ ಟ್ರಿಗರ್ ಎಳೆಯುತ್ತಾರಂತೆ. ಅಂಥವರ ಮೇಲೆ ಭಾವನಿಗೆ ಮೂರು ಕಾಸಿನ ಮರ್ಯಾದೆಯಿಲ್ಲ. "ಎಲ್ಲಿ ನೋವಾಯ್ತು ಅಂತ ಟೈರು ಹೇಳುತ್ತಾ?" ಎಂದು ಕೇಳುತ್ತಾರೆ. ಹೆಗಲಿಗೆ ಮೆತ್ತೆ ಇಟ್ಟುಕೊಳ್ಳುವುದೂ ಇಲ್ಲ. ಮೆತ್ತೆ ಇಟ್ಟರೆ ಬಂದೂಕು ಸುಳ್ಳು ಹೇಳುತ್ತದಂತೆ.

ಇನ್ನೊಂದು ನಿಯಮ: ಬಂದೂಕಿನ ಜೊತೆ ಬಂದದ್ದೆಲ್ಲ ಬಂದೂಕಿನ ಜೊತೆಯೇ ವಾಪಸು ಹೋಗಬೇಕು. ತುಕ್ಕು ತಿಂದ ಸ್ಕ್ರೂ ಬದಲಾಯಿಸಿದರೂ ಹಳೆಯದನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಗಿರಾಕಿಗೆ ಕೊಡುತ್ತಾರೆ. ಗಿರಾಕಿ ಅದನ್ನು ಅಂಗಡಿಯ ಎದುರಿನ ಚರಂಡಿಗೆ ಎಸೆದು ಹೋಗುತ್ತಾನೆ. ಯಾಕೆ ಇಷ್ಟು ರಗಳೆ ಎಂದರೆ ಭಾವ, "ಕಳ್ಳ ಅಂತ ಒಂದ್ಸಲ ಅನ್ನಿಸ್ಕೊಂಡಿದ್ದೀನಿ, ಸಾಕು" ಎನ್ನುತ್ತಾರೆ.

ಅದು ನಾಲ್ಕನೇ ಕ್ಲಾಸಿನ ವಿಷಯ. ಬಿ ಸೆಕ್ಷನ್ನಿನ ಕರಿಹಲಗೆ ಒರೆಸುವ ಡಸ್ಟರು ಎರಡು, ಒಂದೇ ವಾರದಲ್ಲಿ ಕಾಣೆಯಾದವು. ಅದಕ್ಕೆ ತಿಂಗಳ ಹಿಂದೆಯಷ್ಟೇ ಭಾವ ಕ್ಲಾಸಿನ ಗೋಡೆ ಗಡಿಯಾರವನ್ನು, ಒಳಗೇನಿದೆ ನೋಡೋಣವೆಂದು, ಪೂರ್ತಿ ಬಿಚ್ಚಿ ಬೆಂಚಿನ ಮೇಲೆ ಹರಡಿದ್ದರು. ಹಾಗಾಗಿ ಮಿಸ್ಸಿಗೆ ಹೆಚ್ಚು ಯೋಚಿಸಬೇಕಾಗಲಿಲ್ಲ. "ಒಪ್ಪಿಕೊಳ್ಳೋವರೆಗೂ ಏಳ್ಬೇಡ" ಎಂದು ಮೂಲೆಯಲ್ಲಿ ಮಂಡಿಯೂರಿಸಿದರು. ಕದ್ದಿಲ್ಲದ್ದನ್ನು ಒಪ್ಪಿಕೊಳ್ಳುವುದು ಹೇಗೆಂದು ಭಾವನಿಗೆ ಗೊತ್ತಿರಲಿಲ್ಲ. ಎರಡು ದಿನ ಊರಿದರು. ಎರಡನೇ ದಿನ ಸಂಜೆ ದೊಡ್ಡ ರಜೆಯ ಗಂಟೆ ಹೊಡೆಯಿತು, ಮಕ್ಕಳೆಲ್ಲ ಓಡಿದರು, ಭಾವನೂ ಓಡಿದರು. ರಜೆ ಮುಗಿದಾಗ ಐದನೇ ಕ್ಲಾಸು, ಬೇರೆ ಮಿಸ್ಸು. "ಅಂದ್ರೆ ನನಗೆ ಎದ್ದೇಳು ಅಂತ ಅವರು ಇವತ್ತಿಗೂ ಹೇಳಿಲ್ಲ" ಎಂದು ಹೇಳಿ ಭಾವ ನಗುತ್ತಾರೆ. ನಾನು ಕಂಡಂತೆ ಇಪ್ಪತ್ತು ಸಲವಾದರೂ ಹೇಳಿದ್ದಾರೆ. ನಲವತ್ತೇಳು ವರ್ಷ ಹಳೆಯ ಮಾತನ್ನು ಯಾರೂ ಬರೀ ತಮಾಷೆಗೆಂದು ಇಟ್ಟುಕೊಂಡಿರುವುದಿಲ್ಲ ಎಂದು ನನಗೆ ಅನ್ನಿಸುತ್ತಿತ್ತು.

ಆ ಮಿಸ್ಸು ಮುಂದೆ ಅದೇ ಶಾಲೆಗೆ ಹೆಡ್‌ಮಿಸ್ ಆಗಿ ನಿವೃತ್ತರಾದರು. ಊರಿಗೆಲ್ಲ ಈಗಲೂ ಅವರು ಹೆಡ್‌ಮಿಸ್ಸೇ. ಎಪ್ಪತ್ತಾರು ವರ್ಷ, ಐದಡಿಗೆ ಎರಡು ಬೆರಳು ಕಮ್ಮಿ ಎತ್ತರ. ತಿಂಗಳ ನಾಲ್ಕನೇ ತಾರೀಖು ಬೆಳಿಗ್ಗೆ ಅವರು ಭಾವನ ಅಂಗಡಿಯ ಮುಂದೆ ಆಟೋದಿಂದ ಇಳಿದು, ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಉದ್ದನೆಯ ಗಂಟನ್ನು ತಾವೇ ಹೊತ್ತು ಒಳಗೆ ಬಂದರು. ನಾನು ಆಗ ಅಕ್ಕನ ಜೊತೆ ಒಳಬಾಗಿಲಲ್ಲಿ ಮಾತಾಡುತ್ತ ನಿಂತಿದ್ದೆ. ಅಂಗಡಿ ಎಂದರೆ ಮನೆಯ ಮುಂದಿನ ಕೋಣೆಯೇ: ಒಂದು ಮೇಜು, ಅದಕ್ಕೆ ಬಿಗಿದ, ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಗೋಡೆಯ ಮೇಲೆ ಗಾತ್ರದ ಪ್ರಕಾರ ನೇತುಹಾಕಿದ ಅರಗಳು, ಒಂದು ಸ್ಟೂಲು. ಐವತ್ತಾರು ವರ್ಷದ ಭಾವ ಸ್ಟೂಲಿನಿಂದ ಎದ್ದು ನಿಂತು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡರು.

"ಇದು ಹಾರುತ್ತೇನೋ, ನೋಡು."

ಭಾವ ಗಂಟು ಬಿಚ್ಚಿದರು. ಪಕ್ಕಪಕ್ಕದಲ್ಲಿ ಎರಡು ನಳಿಗೆ, ಎರಡು ಟ್ರಿಗರ್, ಐದು ಕಿಲೋ ತೂಕ. ನಳಿಗೆಯ ಮೇಲೆ ತುಕ್ಕು, ಮರದ ಹಿಡಿ ಕೈಯಿಡುವ ಜಾಗದಲ್ಲಿ ಸೀಳಿತ್ತು. ಹೆಗಲಿಗೆ ಒತ್ತಿಕೊಳ್ಳುವ ತುದಿಗೆ ಚರ್ಮದ ಒಂದು ಗವುಸು ತೊಡಿಸಿ ಲಾಡಿಯಿಂದ ಬಿಗಿದಿದ್ದರು. ಜೊತೆಗೆ ಒಂದು ತಗಡಿನ ಡಬ್ಬಿ, ಅದರಲ್ಲಿ ಹೆಬ್ಬೆರಳು ದಪ್ಪದ ಐದು ತೋಟಾ.

"ಮಿಸ್, ಇದು ಆನೆ ಹೊಡೆಯೋ ಬಂದೂಕು."

"ಗೊತ್ತು. ಸರಿ ಮಾಡು. ನಾನು ಒಂದ್ಸಲ ಹಾರಿಸ್ಬೇಕು."

"ನೀವಾ? ಮಿಸ್, ಹಾರಿದ ಕೂಡಲೇ ಇದು ಹೆಗಲಿಗೆ ತುಂಬಾ ಒದೆಯುತ್ತೆ."

"ಎಷ್ಟು ಒದೆಯುತ್ತೆ ಅನ್ನೋದೇ ನನಗೆ ಬೇಕಾಗಿರೋದು" ಎಂದು ಅವರು ಸ್ಟೂಲಿನ ಮೇಲೆ ಕೂತರು.

ಬಂದೂಕು ಅವರ ಯಜಮಾನರದು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. ಬದುಕಿದ್ದಾಗ ಊರಿನ ದೊಡ್ಡ ಬೇಟೆಗಾರ, ಹೊಲಕ್ಕೆ ಆನೆ ನುಗ್ಗಿದರೆ ಅವರಿಗೇ ಹೇಳಿ ಕಳಿಸುತ್ತಿದ್ದರು. ತಿಂಗಳಿಗೊಮ್ಮೆ ಗುಡ್ಡದ ಕಡೆ ಹೋಗಿ ಗುರಿ ಅಭ್ಯಾಸ ಮಾಡಿಕೊಂಡು ಬರುತ್ತಿದ್ದರು. ಬಂದ ಮೇಲೆ ಒಂದು ವಾರ ಹೆಗಲು ನೋವು. ಅಭ್ಯಾಸ ಬಿಟ್ಟ ಮೇಲೂ ನೋವು ಬಿಡಲಿಲ್ಲ. ಹಾಗಾಗಿ ಆ ಮನೆಯಲ್ಲಿ ಗ್ಯಾಸ್ ಸಿಲಿಂಡರು, ಅಕ್ಕಿ ಮೂಟೆ, ಟ್ರಂಕು, ನಿದ್ದೆ ಹೋದ ಮಗು, ಯಾವುದನ್ನೂ ಅವರು ಎತ್ತಲಿಲ್ಲ. ಹೆಂಡತಿ ಬಂದೂಕಿನ ಕಡೆ ಕೈ ಚಾಚಿದರೆ, "ಇದರ ಒದೆ ನಿನ್ನಂಥೋರು ತಡ್ಕೊಳ್ಳೋದಲ್ಲ" ಎನ್ನುತ್ತಿದ್ದರು.

"ನಲವತ್ತು ವರ್ಷ ಸಿಲಿಂಡರ್ ಎತ್ತಿದವಳು ನಾನು ಕಣಪ್ಪ" ಎಂದರು ಹೆಡ್‌ಮಿಸ್, ಹಾಜರಿ ಕೂಗುವ ದನಿಯಲ್ಲಿ. "ಅವರ ಮಾತು ನಂಬಿದ್ದೀನಿ, ಇಲ್ಲ ಅನ್ನಲ್ಲ. ಆದ್ರೆ ಆ ನೋವು ಎಷ್ಟಿತ್ತು ಅಂತ ಒಂದ್ಸಲ ನನಗೂ ಗೊತ್ತಾಗ್ಬೇಕು. ಮೂವತ್ತನೇ ತಾರೀಖಿಗೆ ಇದನ್ನ ಸ್ಟೇಷನ್ನಿಗೆ ಒಪ್ಪಿಸ್ಬೇಕಂತೆ. ಲೈಸೆನ್ಸ್ ಇದ್ದೋರು ಸತ್ತಿದ್ರೆ ಇಂಥ ದೊಡ್ಡ ಬಂದೂಕಿನ ನಳಿಗೆ ಕತ್ತರಿಸ್ತಾರಂತೆ. ಆಮೇಲೆ ನಾನು ಯಾರನ್ನ ಕೇಳ್ಲಿ?"

ಭಾವ ಬಂದೂಕನ್ನು ಮೇಜಿನ ಮೇಲೆ ತಮ್ಮ ಕಡೆಗೆ ಎಳೆದುಕೊಂಡರು. ಆ ಮಿಸ್ಸಿಗೆ ಇಲ್ಲವೆನ್ನುವುದು ಅವರಿಂದ ಆಗುವ ಕೆಲಸವಲ್ಲ.

ಮುಂದಿನ ಹನ್ನೊಂದು ದಿನ ಅಕ್ಕನ ಅಡುಗೆಮನೆ ಬಂದೂಕಿನ ಪಾಲಾಯಿತು. ನಳಿಗೆಯ ಹಳೇ ತುಕ್ಕನ್ನು ಉಜ್ಜಿ ತೆಗೆದು, ಭಾವ ಅದಕ್ಕೆ ಆಸಿಡ್ ನೀರು ಸವರಿ ಬೇಕೆಂದೇ ಹೊಸ ತುಕ್ಕು ಬರಿಸಿದರು. ಆಮೇಲೆ ಉದ್ದನೆಯ ತಗಡಿನ ತೊಟ್ಟಿಯಲ್ಲಿ ನೀರು ಕುದಿಸಿ ಅದರಲ್ಲಿ ಮುಳುಗಿಸಿದರು. ಕುದಿದ ತುಕ್ಕು ಕಪ್ಪಗಾಗುತ್ತದೆ, ಅದನ್ನು ಉಜ್ಜಿದರೆ ಕೆಳಗೆ ತೆಳ್ಳಗೆ ಬಣ್ಣ ಕೂತಿರುತ್ತದೆ. ಹೀಗೆ ಒಂಬತ್ತು ಸಲ. ತೊಟ್ಟಿ ಎರಡು ಒಲೆಗಳನ್ನೂ ಆಕ್ರಮಿಸಿಕೊಂಡಿದ್ದರಿಂದ ಅವರ ಮನೆಯಲ್ಲಿ ಒಂಬತ್ತು ದಿನ ಊಟ ಸಂಜೆ ನಾಲ್ಕಕ್ಕೆ. ಸೀಳಿದ್ದ ಹಿಡಿಗೆ ಅಂಟು ತುಂಬಿ, ಒಳಗೆ ಹಿತ್ತಾಳೆಯ ಕಡ್ಡಿ ಕೂಡಿಸಿದರು. ಮರದ ಮೇಲಿನ ತಗ್ಗುಗಳಿಗೆ ಒದ್ದೆ ಬಟ್ಟೆ ಹಾಸಿ ಅಕ್ಕನ ಇಸ್ತ್ರಿ ಪೆಟ್ಟಿಗೆ ಒತ್ತಿದರೆ, ಆವಿಗೆ ಮರ ಉಬ್ಬಿ ತಗ್ಗು ಮೇಲೇಳುತ್ತಿತ್ತು. ಆ ವಾರ ನನ್ನ ಸೀರೆಗೂ ಅಕ್ಕನ ಸೀರೆಗೂ ಮರಕ್ಕೆ ತಿಕ್ಕಿದ ಅಗಸೆ ಎಣ್ಣೆಯ ವಾಸನೆ. ಆಸ್ಪತ್ರೆಯಲ್ಲಿ ಒಬ್ಬ ರೋಗಿ, ಮನೆಗೆ ಬಾಗಿಲು ಕಿಟಕಿ ಹೊಸದಾಗಿ ಹಾಕಿಸಿದಿರಾ ಎಂದು ಕೇಳಿದ.

ಚರ್ಮದ ಗವುಸನ್ನು ಭಾವ ಮೊದಲ ದಿನವೇ ಕಳಚಿ ತಟ್ಟೆಯಲ್ಲಿಟ್ಟಿದ್ದರು. ಮೆತ್ತೆಗೂ ಅವರಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ಬಿಚ್ಚಿ ನೋಡಲೂ ಇಲ್ಲ.

ಹದಿನೈದನೇ ತಾರೀಖು ಪಾಳುಬಿದ್ದ ಕಲ್ಲಿನ ಕ್ವಾರಿಗೆ ಹೋದೆವು. ಭಾವ ಯಾವಾಗಲೂ ಪರೀಕ್ಷೆ ಮಾಡುವುದು ಅಲ್ಲಿಯೇ. ಎರಡು ತೋಟಾ ತುಂಬಿ, ಬರೀ ಮರವನ್ನು ಹೆಗಲಿಗೆ ಒತ್ತಿಕೊಂಡು, ಮುಂದಿನ ಟ್ರಿಗರ್ ಒಂದನ್ನೇ ಎಳೆದರು. ಎರಡೂ ನಳಿಗೆ ಒಟ್ಟಿಗೆ ಹಾರಿದವು. ಒಳಗೆ ಎರಡನೇ ನಳಿಗೆಯನ್ನು ತಡೆದು ಹಿಡಿಯುವ ಕೊಕ್ಕೆ ಸವೆದಿತ್ತು, ಮೊದಲಿನದರ ಒದೆಗೆ ಅದು ಜಾರಿಕೊಂಡಿತ್ತು. ಭಾವ ಬೀಳಲಿಲ್ಲ. ಬಂದೂಕನ್ನು ಎಡಗೈಯಿಂದ ಮೆಲ್ಲಗೆ ಬಂಡೆಗೆ ಒರಗಿಸಿ, "ಕೊಕ್ಕೆ ಸವೆದಿದೆ" ಎಂದರು. ಆಮೇಲೆ, "ಮೂಳೆ ಮುರಿದಿದೆ ಅನ್ಸುತ್ತೆ, ನೋಡು" ಎಂದರು.

ಹೀಗೆ ಎಂಟನೇ ಫಿಲ್ಮು ಬಂತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು, "ಬಿದ್ರಾ?" ಎಂದು ಕೇಳಿದರು. "ಇಲ್ಲ ಡಾಕ್ಟ್ರೇ, ನಿಂತೇ ಇದ್ದೆ" ಎಂದರು ಭಾವ, ಬಹುಮಾನ ಬಂದವರಂತೆ. ಕೈಯನ್ನು ಕೊರಳಿಗೆ ಕಟ್ಟಿ ಆರು ವಾರ ಅಲ್ಲಾಡಿಸಬೇಡಿ ಎಂದು ಹೇಳಿ ಕಳಿಸಿದರು. ಬಂದೂಕು ಒಪ್ಪಿಸಲು ಉಳಿದದ್ದು ಹದಿನೈದು ದಿನ, ತೋಟಾ ಮೂರು.

ಹೆಡ್‌ಮಿಸ್ ನೋಡಲು ಬಂದರು. ಭಾವ ಹಾಸಿಗೆಯಲ್ಲಿ ಎದ್ದು ಕೂತು, ಆರು ವಾರ ಕೊಡಿ ಎಂದು ಬೇಡಿಕೊಂಡರು. "ತಾರೀಖು ನಿನ್ನ ಮೂಳೆ ಕೂಡೋವರೆಗೂ ಕಾಯಲ್ಲ" ಎಂದರು ಅವರು. ಹಾಗಾದರೆ ಎಡ ಹೆಗಲಿಗೆ ಇಟ್ಟು ನೋಡುತ್ತೇನೆ ಎಂದರು ಭಾವ. ನಾನು ಮತ್ತು ಅಕ್ಕ ಏಕಕಾಲಕ್ಕೆ ಅವರನ್ನು ನೋಡಿದ ರೀತಿಗೆ ಅವರು ಮತ್ತೆ ದಿಂಬಿಗೆ ಒರಗಿದರು.

ಅಲ್ಲಿಂದ ಭಾವನ ಬಲಗೈ ನಾನಾದೆ. ಆಸ್ಪತ್ರೆ ಮುಗಿಸಿ ಬಂದು ವೈಸು ತಿರುಗಿಸುವುದು, ಅವರು ಹೇಳಿದಷ್ಟು ಅರ ಉಜ್ಜುವುದು. "ಇನ್ನೊಂದು ಕೂದಲೆಳೆ" ಎನ್ನುತ್ತಿದ್ದರು. ಉಜ್ಜುತ್ತಿದ್ದೆ. "ಜಾಸ್ತಿ ಆಯ್ತು" ಎನ್ನುತ್ತಿದ್ದರು. ಎಂಟು ದಿನದಲ್ಲಿ ನಾಲ್ಕು ಕೊಕ್ಕೆ ಹಾಳುಮಾಡಿ ಐದನೆಯದನ್ನು ಕೂಡಿಸಿದೆವು. ಇಪ್ಪತ್ಮೂರರಂದು ಅದೇ ಕ್ವಾರಿಯಲ್ಲಿ, ಎರಡೂ ನಳಿಗೆ ತುಂಬಿ, ಲಾರಿಯ ಟೈರಿಗೆ ಬಂದೂಕು ಬಿಗಿದು ದಾರ ಎಳೆದೆವು. ಒಂದು ಹಾರಿತು, ಇನ್ನೊಂದು ಜಾಗ ಬಿಟ್ಟು ಕದಲಲಿಲ್ಲ. ಕೆಲಸ ಗೆದ್ದಿತ್ತು. ಭಾವ ಮಾತ್ರ ಸಾವಿನ ಮನೆಗೆ ಹೋಗಿಬಂದವರ ಹಾಗೆ ತಲೆ ತಗ್ಗಿಸಿಕೊಂಡು ಮನೆಗೆ ಬಂದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಟೈರಿನ ಕೈಲಿ ಕೆಲಸ ಮಾಡಿಸಿದ್ದರು.

"ನನ್ನ ಹೆಗಲು ನೋಡದ ಬಂದೂಕು" ಎಂದರು ಮಾರನೇ ದಿನ. "ಅದನ್ನ ಹಾಗೇ ಮಿಸ್ ಕೈಗೆ ಕೊಡೋಕ್ಕೆ ನನಗೆ ಧೈರ್ಯ ಇಲ್ಲ. ಆ ಮೆತ್ತೆ ಹಾಕು. ಒಳಗೆ ಏನಿದೆ ನೋಡು, ಗಟ್ಟಿಯಾಗಿದ್ರೆ ಬಡಿದು ಮೆತ್ತಗೆ ಮಾಡೋಣ."

ಲಾಡಿ ಕೊಳೆತಿತ್ತು. ಕತ್ತರಿಯಿಂದ ಕತ್ತರಿಸಿ ಗವುಸಿನ ಬಾಯಿ ಅಗಲಿಸಿದೆ. ಒಳಗೆ ಒಂದರ ಮೇಲೊಂದು ಇಟ್ಟ ದಪ್ಪ ಉಣ್ಣೆಬಟ್ಟೆಯ ಎರಡು ಪಟ್ಟಿ. ಹೊರಗೆಳೆದೆ. ಬೂದು ಬಣ್ಣ, ಅಂಚಿಗೆ ಹೊಲಿದ ಬಿಳಿಯ ನವಾರು. ನವಾರಿನ ಮೇಲೆ ನೇರಳೆ ಶಾಯಿಯಲ್ಲಿ, ಗುಂಡಗಿನ ಚೆಂದದ ಅಕ್ಷರದಲ್ಲಿ "೪ ಬಿ" ಎಂದು ಬರೆದಿತ್ತು. ಎರಡರ ಮೇಲೂ.

ಭಾವ ಕನ್ನಡಕ ತೆಗೆದರು, ಒರೆಸಿಕೊಂಡರು, ಹಾಕಿಕೊಂಡರು. ಸ್ಟೂಲಿನ ಮೇಲೆ ಕೂತರು. ಅಕ್ಕ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ಮೇಜಿನ ಮೇಲಿದ್ದದ್ದನ್ನು ನೋಡಿ, "ಅಂತೂ ಕಳ್ಳ ಸಿಕ್ಕಿದ" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಅಲ್ಲ, ಆನೆ ಹೊಡೆಯುವ ಗಂಡಸು. ಒದೆ ತಾಳಲಾರದೆ ಹೆಂಡತಿಯ ಕ್ಲಾಸಿನಿಂದ ಡಸ್ಟರು ಕದ್ದು ಹೆಗಲಿಗೆ ಇಟ್ಟುಕೊಂಡು, ಮನೆಯಲ್ಲಿ ಅದೇ ಒದೆಯ ಕಥೆ ಹೇಳಿ ಸಿಲಿಂಡರು ಹೊರಿಸಿದ್ದಾನೆ. ಒಂಬತ್ತು ವರ್ಷದ ಹುಡುಗ ಅವನ ಬದಲು ಎರಡು ದಿನ ಮಂಡಿಯೂರಿದ್ದಾನೆ. "ಭಾವ, ಇವತ್ತೇ ತಗೊಂಡ್ಹೋಗಿ ಅವರ ಮುಂದೆ ಇಡಿ" ಎಂದೆ.

"ಇಟ್ಟು?"

"ಇಟ್ಟು ಏನು? ಗೊತ್ತಾಗ್ಲಿ ಅವರಿಗೆ."

"ಗಂಡ ಹೋಗಿ ಎರಡು ವರ್ಷ. ಮನೇಲಿ ಗೋಡೆ ತುಂಬಾ ಅವರ ಬೇಟೆ ಫೋಟೋನೇ. ಮಿಸ್ಸಿಗೆ ಉಳಿದಿರೋದೇ ಅವರ ಯಜಮಾನರ ಆ ಹೆಗಲು. ನಾನು ಕಳ್ಳ ಅಲ್ಲ ಅಂತ ತೋರಿಸೋಕ್ಕೆ ಅದನ್ನೂ ಕಿತ್ಕೊಳ್ಲಾ?"

"ಅವರಿಗೆ ಹೆಗಲು, ನಿಮಗೆ ಮಂಡಿ ಇರ್ಲಿಲ್ವಾ?"

"ನೀನು ನೋಡಿದೆ, ನಿಮ್ಮಕ್ಕ ನೋಡಿದಳು. ನನಗೆ ಅಷ್ಟು ಸಾಕು" ಎಂದರು ಭಾವ. ಸಾಕಾಗಿರಲಿಲ್ಲ. ಅವತ್ತು ಅವರು ಊಟಕ್ಕೆ ಕೂತು ಅರ್ಧ ತಟ್ಟೆ ಹಾಗೇ ಬಿಟ್ಟು ಎದ್ದರು.

ಡಸ್ಟರು ಎಸೆದು ರಬ್ಬರ್ ತುಂಬೋಣವೆಂದೆ. ಅದಕ್ಕೂ ಒಪ್ಪಲಿಲ್ಲ, ಬಂದೂಕಿನ ಜೊತೆ ಬಂದದ್ದು ಬಂದೂಕಿನ ಜೊತೆ ಹೋಗಬೇಕಲ್ಲ. ನವಾರಿನ ಅಕ್ಷರ ಒಳಮುಖವಾಗುವಂತೆ ಮಡಿಸಿ ಮತ್ತೆ ಗವುಸಿಗೆ ತುಂಬಿಸಿದರು. ಒಣಗಿದ್ದ ಚರ್ಮಕ್ಕೆ ಎಣ್ಣೆ ಸವರಿಸಿದರು, ಹೊಸ ಲಾಡಿ ಹಾಕಿಸಿದರು. ಬಂದೂಕಿನಲ್ಲಿ ಒಂದು ಕಣ ಕೊಳೆ ಉಳಿಯದಂತೆ ಇಪ್ಪತ್ತು ದಿನ ತಿಕ್ಕಿದ ಮನುಷ್ಯ, ಆ ಡಸ್ಟರನ್ನು ಮಾತ್ರ ಗೋಡೆಗೆ ಬಡಿದು ಚೊಕ್ಕ ಮಾಡಲಿಲ್ಲ. ಡಸ್ಟರು ಬಡಿಯುವುದು ನಾಲ್ಕನೇ ಕ್ಲಾಸಿನಲ್ಲಿ ಸರದಿಯ ಮೇಲೆ ಒಬ್ಬೊಬ್ಬರ ಕೆಲಸವಂತೆ. ಇವರ ಸರದಿ ಬಂದಾಗ ಬಡಿಯಲು ಡಸ್ಟರಿರಲಿಲ್ಲ, ಇವರೂ ಮೂಲೆಯಲ್ಲಿದ್ದರು.

ಇಪ್ಪತ್ತೆಂಟನೇ ತಾರೀಖು ಬೆಳಿಗ್ಗೆ ಹತ್ತಕ್ಕೆ ನಾವು ನಾಲ್ವರೂ ಕ್ವಾರಿಯಲ್ಲಿದ್ದೆವು. ಹೆಡ್‌ಮಿಸ್ ಯಜಮಾನರ ಬೇಟೆಯ ಕೋಟು ಹಾಕಿಕೊಂಡು ಬಂದಿದ್ದರು. ಕಡುಕಂದು ಬಣ್ಣದ್ದು, ತೋಳು ಎರಡು ಮಡಿಕೆ ಮಡಚಿದ್ದರೂ ಬೆರಳಷ್ಟೇ ಕಾಣುತ್ತಿತ್ತು. ಮೂವತ್ತು ಹೆಜ್ಜೆ ದೂರದಲ್ಲಿ ಒಂದು ಹಳೇ ಕದ ನಿಲ್ಲಿಸಿದ್ದೆವು. ಭಾವ ಒಂದೇ ನಳಿಗೆಗೆ ಒಂದೇ ತೋಟಾ ಹಾಕಿದರು. ಹೆಗಲಿಗೆ ಎಲ್ಲಿ ಒತ್ತಿಕೊಳ್ಳಬೇಕು, ಕೆನ್ನೆ ಎಲ್ಲಿಡಬೇಕು, ಒಂದು ಕಾಲು ಹೇಗೆ ಹಿಂದಿಡಬೇಕು ಎಂದು ಹೇಳಿಕೊಟ್ಟರು. ಹೆಡ್‌ಮಿಸ್ ಒಳ್ಳೆಯ ವಿದ್ಯಾರ್ಥಿಯ ಹಾಗೆ ಒಂದೇ ಸಲಕ್ಕೆ ಕಲಿತರು. ಭಾವನ ಮುಖ ಬಿಳಿಚಿಕೊಂಡಿತ್ತು. ಈ ವಯಸ್ಸಿನ ಎಲುಬು ಮುರಿದರೆ ಕೂಡುವುದಿಲ್ಲ ಎಂದು ನಾನೇ ಹಿಂದಿನ ದಿನ ಹೇಳಿದ್ದೆ.

"ಸ್ವಲ್ಪ ತಡೀರಿ ಮಿಸ್" ಎಂದು ಭಾವ ಅವರ ಹಿಂದೆ ಹೋಗಿ ಕಲ್ಲುಪುಡಿಯ ಮೇಲೆ ಎರಡೂ ಮಂಡಿಯೂರಿ, ತಮ್ಮ ಎಡ ಹೆಗಲನ್ನು ಅವರ ಬೆನ್ನಿಗೆ ಆನಿಸಿದರು. "ಒದೆ ಬಂದ್ರೆ ನನ್ನ ಮೇಲೆ ಬಿಡಿ." ಎಡ ಹೆಗಲಿನ ಮಾತಿಗೆ ನಾನೂ ಅಕ್ಕನೂ ಅವರನ್ನು ಹೇಗೆ ನೋಡಿದ್ದೆವೋ ಅದು ಅವರಿಗೆ ನೆನಪಿದ್ದ ಹಾಗಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಹೆಡ್‌ಮಿಸ್ ಟ್ರಿಗರ್ ಎಳೆದರು.

ಸದ್ದಿಗೆ ಕ್ವಾರಿಯ ಬಂಡೆ ಬಂಡೆಯೂ ಮಾತಾಡಿತು. ಇಬ್ಬರೂ ಒಟ್ಟಿಗೆ ಒಂದು ಗೇಣು ಹಿಂದಕ್ಕೆ ಜರುಗಿದರು. ಬಂದೂಕು ಅವರ ಕೈಯಲ್ಲೇ ಇತ್ತು. ಗುಂಡು ಕದಕ್ಕೆ ತಾಗಿತೋ ಇಲ್ಲವೋ ಯಾರೂ ನೋಡಲಿಲ್ಲ. ನಾನು ಓಡಿಹೋಗಿ ಕೋಟಿನೊಳಗೆ ಕೈಹಾಕಿ ಎಲುಬು ಮುಟ್ಟಿ ನೋಡಿದೆ. ಗಟ್ಟಿಯಾಗಿತ್ತು. ನನಗೆ ಅಳು ಬಂತು, ಯಾಕೆಂದು ಗೊತ್ತಿಲ್ಲ.

ಹೆಡ್‌ಮಿಸ್ ಬಂದೂಕಿನ ನಳಿಗೆ ಕೆಳಗಿಳಿಸಿದರು. "ಜೋರಾಗೇ ಇದೆ" ಎಂದು ಒಪ್ಪಿಕೊಂಡರು. "ಆದ್ರೂ ಸಿಲಿಂಡರ್ ಎತ್ತಬಹುದಿತ್ತು."

ಅಕ್ಕ ನಕ್ಕಳು. ಹೆಡ್‌ಮಿಸ್ಸೂ ನಗಲು ಹೊರಟು ತಮ್ಮ ಹೆಗಲ ಕಡೆ ನೋಡಿದರು. ಕಡುಕಂದು ಕೋಟಿನ ಮೇಲೆ ಅಂಗೈಯಗಲದ ಚೌಕನೆಯ ಬಿಳಿ ಗುರುತು. ಚರ್ಮದ ಹೊಲಿಗೆಯ ತೂತುಗಳಿಂದ ಆಗಷ್ಟೇ ಹೊರಬಂದ ಪುಡಿ ಇನ್ನೂ ಗಾಳಿಯಲ್ಲಿತ್ತು. ಅವರು ಅಭ್ಯಾಸಬಲದಿಂದ ಎರಡು ಸಲ ಕೊಡವಿದರು. ಮೂರನೇ ಸಲಕ್ಕೆ ಕೈ ಅಲ್ಲೇ ನಿಂತಿತು. ಬೆರಳನ್ನು ಮೂಗಿನ ಹತ್ತಿರ ತಂದರು. ಮೂವತ್ತಾರು ವರ್ಷ ಸೀಮೆಸುಣ್ಣ ಹಿಡಿದವರಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ.

"ಗುರಿ ಅಭ್ಯಾಸ ಮುಗಿಸಿ ಬಂದಾಗೆಲ್ಲ ಕೋಟಿನ ಇದೇ ಜಾಗ ಬೆಳ್ಳಗಿರ್ತಿತ್ತು" ಎಂದರು, ಯಾರಿಗೆಂದಲ್ಲ. "ನನ್ನ ಕೈಯಿಂದಲೇ ಹತ್ತಿದ್ದು ಅಂದ್ಕೊಂಡಿದ್ದೆ. ಪ್ರತಿ ಸಲ ನಾನೇ ಕೊಡವ್ತಿದ್ದೆ. ತಪ್ಪಾಯ್ತು ರೀ ಅಂತ ಅವರ ಹತ್ರ ಕೇಳ್ಕೊಳ್ತಿದ್ದೆ."

ಬಂದೂಕಿನ ಗವುಸನ್ನು ಹೆಬ್ಬೆರಳಿನಿಂದ ಒತ್ತಿದರು. ಇನ್ನೊಂದಿಷ್ಟು ಪುಡಿ ಬಂತು. ಬಿಚ್ಚಿ ನೋಡಲಿಲ್ಲ. ತಿರುಗಿ ಭಾವನನ್ನು ನೋಡಿದರು. ಭಾವ ಇನ್ನೂ ಅಲ್ಲೇ ಮಂಡಿಯೂರಿಕೊಂಡಿದ್ದರು. ಒಂದು ಕೈ ಕೊರಳಿಗೆ ಕಟ್ಟಿದ್ದರಿಂದ ಏಳಲು ಆಧಾರ ಸಿಕ್ಕಿರಲಿಲ್ಲ.

"ನಾಲ್ಕನೇ ಕ್ಲಾಸು, ಬಿ ಸೆಕ್ಷನ್."

"ಹೌದು ಮಿಸ್."

"ಎರಡು ಡಸ್ಟರ್."

"ಹೌದು ಮಿಸ್."

"ನಿನಗೆ ಯಾವಾಗ ಗೊತ್ತಾಯ್ತು?"

"ನಾಲ್ಕು ದಿನ ಆಯ್ತು ಮಿಸ್."

"ನಾಲ್ಕು ದಿನದಿಂದ ಬಾಯಿ ಮುಚ್ಕೊಂಡಿದ್ದೀಯ?"

ಭಾವ ತಲೆ ತಗ್ಗಿಸಿದರು. ಐವತ್ತಾರು ವರ್ಷದ ಮನುಷ್ಯ, ತಪ್ಪು ಮಾಡಿದ ಹುಡುಗನ ಹಾಗೆ ಕಲ್ಲುಪುಡಿ ನೋಡುತ್ತಿದ್ದರು. ಹೆಡ್‌ಮಿಸ್ ಬಂದೂಕನ್ನು ನನ್ನ ಕೈಗೆ ಕೊಟ್ಟರು.

"ನೀನು ತೆಗೆದಿರ್ಲಿಲ್ಲ" ಎಂದರು. "ತಪ್ಪು ನಂದು. ಎದ್ದೇಳು."

ಕೇಳಿಸಿತೋ ಇಲ್ಲವೋ ಎಂಬ ಹಾಗೆ ಭಾವ ಮಂಡಿಯೂರಿಯೇ ಇದ್ದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಏಳಲಿಲ್ಲ.

"ಎದ್ದೇಳೋ, ಸಾಕು" ಎಂದು ಹೆಡ್‌ಮಿಸ್ ಕೋಟಿನ ತೋಳು ಮೇಲೇರಿಸಿ, ಬಗ್ಗಿ ಭಾವನ ಎಡ ರಟ್ಟೆಗೆ ಕೈಹಾಕಿದರು. ನಲವತ್ತು ವರ್ಷ ಸಿಲಿಂಡರ್ ಎತ್ತಿದ ಕೈ. ಭಾವ ಸಲೀಸಾಗಿ ಎದ್ದು ನಿಂತರು.